ಸಿವಿಲೈಸೇಷನ್ 6 ಆಟವನ್ನು 12 ವರ್ಷದ ಮಗನಿಗೆ ಕೊಡಿಸಬಹುದಾ? ಹೇಗೆ ತೂಗಿ ನೋಡೋದು?

ಮಲ್ಲೇಶ್ವರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ 12 ವರ್ಷ, ಈ ಜೂನ್‌ಗೆ ಏಳನೇ ಕ್ಲಾಸ್. ದೊಡ್ಡಮ್ಮನ ಮನೆಗೆ ಹೋದಾಗ ಅಲ್ಲಿ ಅವನ ಅಣ್ಣ ಸಿವಿಲೈಸೇಷನ್ 6 ಅನ್ನುವ, ನಾಡು ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟ ಆಡುವುದನ್ನು ನೋಡಿ ಬಂದಿದ್ದಾನೆ. ಆವತ್ತಿನಿಂದ ಮನೆಯಲ್ಲಿ ಅದೇ ಜಪ. ಆಟಗಳಿಗೆ ವಯಸ್ಸಿನ ಗುರುತು ಹಾಕುವ ಸಂಸ್ಥೆಗಳಲ್ಲಿ ಅಮೆರಿಕದ ಇಎಸ್‌ಆರ್‌ಬಿ ಇದನ್ನು 10 ಮತ್ತು ಅದಕ್ಕಿಂತ ದೊಡ್ಡವರಿಗೆ ಅಂತ ಹಾಕಿದೆ, ಯುರೋಪಿನ ಪೆಗಿ 12 ಅಂತ ಹಾಕಿದೆ. ವಯಸ್ಸಿನ ಲೆಕ್ಕದಲ್ಲಿ ಸರಿಯಾಗಿದೆ.

ಆದರೂ ಮನಸ್ಸು ಒಪ್ಪುತ್ತಿಲ್ಲ. ಯೂಟ್ಯೂಬಲ್ಲಿ ಒಬ್ಬರು ಆಡುವುದನ್ನು ನೋಡಿದೆ. ಪರದೆ ತುಂಬ ಆರು ಮೂಲೆಯ ಚೌಕಗಳು, ಎಲ್ಲಿ ನೋಡಿದರೂ ಅಂಕಿಗಳು. ಗುಂಡು ಹಾರಿಸುವ ಆಟ ಅಲ್ಲ ಅಂತ ಮಾತ್ರ ಗೊತ್ತಾಯಿತು. ಆದರೆ ಯುದ್ಧ ಇದೆ, ಅಣುಬಾಂಬ್ ಇದೆ, ಗಾಂಧೀಜಿ ಕೂಡ ಇದ್ದಾರೆ. ಒಂದು ಆಟ ಮುಗಿಯಲು ದಿನಗಟ್ಟಲೆ ಬೇಕಂತೆ. ಕೊಡಿಸಿ ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಬೇಡಿ. ಇಂಥ ಆಟ ನಮ್ಮ ಮಗುವಿಗೆ ಹೊಂದುತ್ತದೋ ಇಲ್ವೋ ಅಂತ ಹೇಗೆ ನೋಡಬೇಕು, ಅದನ್ನು ಹೇಳಿ.

ತುಂಗಾತೀರ

ಮೇಡಂ, ಈ ಸರಣಿಯನ್ನು ನಾನು ಕಾಲೇಜಿನಿಂದಲೂ ಆಡುತ್ತಿದ್ದೇನೆ. ಈಗ ಮಗಳ ಜೊತೆ ಆಡುತ್ತೇನೆ.

ಮೊದಲು ಆ ವಯಸ್ಸಿನ ಗುರುತಿನ ಬಗ್ಗೆ. ಅದು ಹೇಳುವುದು ಪರದೆಯ ಮೇಲೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಅಂತ. ರಕ್ತ, ಬೈಗುಳ, ಕುಡಿತ, ಇಂಥವು. ಆಟ ಎಷ್ಟು ಕಷ್ಟ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ, ಪೆಗಿಯವರೇ ಇದನ್ನು ಸ್ಪಷ್ಟವಾಗಿ ಹೇಳುತ್ತಾರೆ. ಆನ್‌ಲೈನಲ್ಲಿ ಎದುರಿಗೆ ಸಿಗುವವರು ಏನು ಮಾತಾಡಬಹುದು ಅನ್ನುವುದನ್ನು ಇಎಸ್‌ಆರ್‌ಬಿ ಅಳೆಯುವುದಿಲ್ಲ. ಗುಂಡಿನ ಆಟಕ್ಕೆ ಆ ಗುರುತು ಬಹುಮಟ್ಟಿಗೆ ಸಾಕು. ತಂತ್ರದ ಆಟಕ್ಕೆ ಸಾಲದು. ಇಲ್ಲಿ ನಾನು ನೋಡುವುದು ಎರಡನ್ನು. ಆಟ ಮಗುವಿನ ಕೈಯಲ್ಲಿ ಏನು ಮಾಡಿಸುತ್ತದೆ? ನಿಲ್ಲಿಸಲು ಎಲ್ಲಿ ಬಿಡುತ್ತದೆ?

ಮೊದಲನೆಯದು. ಆಟ ಕ್ರಿ.ಪೂ. 4000ದಲ್ಲಿ ಶುರುವಾಗುತ್ತದೆ. ಊರು ಕಟ್ಟಲು ಹೊರಟ ಒಂದು ಗುಂಪು, ಒಬ್ಬ ಯೋಧ, ಅಷ್ಟೇ ನಿಮ್ಮ ಆಸ್ತಿ. ನೀರು ಹತ್ತಿರ ಇರುವ ಜಾಗ ನೋಡಿ ಊರು ಕಟ್ಟಬೇಕು. ವಿದ್ಯಾಕೇಂದ್ರವನ್ನು ಬೆಟ್ಟದ ಪಕ್ಕ ಇಟ್ಟರೆ ಪ್ರತಿ ಬೆಟ್ಟಕ್ಕೂ ವಿಜ್ಞಾನದ ಅಂಕ ಸಿಗುತ್ತದೆ. ಆದರೆ ಆ ಚೌಕದಲ್ಲಿ ಆಮೇಲೆ ಹೊಲ ಮಾಡಲು ಆಗುವುದಿಲ್ಲ. ಮಗಳು ಆ ಒಂದು ಚೌಕದ ಮೇಲೆ ಬೆರಳಿಟ್ಟು ಕೂತುಬಿಡುತ್ತಾಳೆ. ಈಗ ಅನ್ನ ಮುಖ್ಯನಾ, ಮುಂದಕ್ಕೆ ಓದು ಮುಖ್ಯನಾ ಅಂತ ನನ್ನ ಹತ್ತಿರ ವಾದ ಮಾಡುತ್ತಾಳೆ. ಹೊಸ ವಿದ್ಯೆಗಳನ್ನು ಕಲಿಯಲು ಆಟ ಒಂದೊಂದು ಸುಳಿವು ಕೊಡುತ್ತದೆ. ಸಮುದ್ರದ ದಡದಲ್ಲಿ ಊರು ಕಟ್ಟಿದರೆ ನೌಕಾಯಾನ ಬೇಗ ಬರುತ್ತದೆ. ಕಲ್ಲುಕ್ವಾರಿ ಮಾಡಿದರೆ ಕಲ್ಲುಕಟ್ಟಡದ ವಿದ್ಯೆ ಬೇಗ ಬರುತ್ತದೆ. ಇನ್ನೊಂದು ನಾಡಿನವರನ್ನು ಭೇಟಿಯಾದರೆ ಬರವಣಿಗೆ. ಮಾಡಿದ ಕೆಲಸದಿಂದ ಕಲಿಕೆ ಹುಟ್ಟುತ್ತದೆ ಅನ್ನುವುದು ಪಾಠ ಹೇಳದೆಯೇ ಮಗುವಿಗೆ ಅರ್ಥವಾಗುತ್ತದೆ. ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದೇ.

ಆದ್ದರಿಂದ ಮಗನನ್ನು ಹೀಗೆ ನೋಡಿ. ಅರ್ಧ ಪುಟದ ಇಂಗ್ಲಿಷ್ ವಿವರಣೆಯನ್ನು ಬೇಜಾರಿಲ್ಲದೆ ಓದುತ್ತಾನಾ? ಇವತ್ತು ಮಾಡಿದ್ದರ ಫಲ ನಲವತ್ತು ಟರ್ನ್ (ಸರದಿ) ಆದಮೇಲೆ ಬರುತ್ತದೆ ಅಂದರೆ ಕಾಯುತ್ತಾನಾ? ಚೆಸ್‌ನಲ್ಲಿ ಸೋತರೆ ಪಾನು ಚೆಲ್ಲಾಡುತ್ತಾನಾ, ಇನ್ನೊಂದಾಟ ಅಂತಾನಾ? ಈ ಮೂರಕ್ಕೂ ಉತ್ತರ ಚೆನ್ನಾಗಿದ್ದರೆ 10 ವರ್ಷಕ್ಕೂ ಸರಿ. ಇಲ್ಲವಾದರೆ 14 ಆದರೂ ಸುಮ್ನೆ ಕಿರಿಕಿರಿ.

ಎರಡನೆಯದು ನಿಲ್ಲಿಸುವ ಜಾಗ. ಒಬ್ಬರೇ ಆಡುವಾಗ ಗಡಿಯಾರ ಇಲ್ಲ. ಯಾವ ಟರ್ನ್‌ನಲ್ಲಿ ಬೇಕಾದರೂ ಸೇವ್ ಮಾಡಿ ಏಳಬಹುದು. ಅದು ಒಳ್ಳೆಯದು. ತೊಂದರೆ ಏನೆಂದರೆ, ಎಲ್ಲ ಕೆಲಸ ಮುಗಿದು ಕೈ ಖಾಲಿ ಆಯಿತು ಅನ್ನುವ ಟರ್ನ್ ಒಂದೂ ಬರುವುದಿಲ್ಲ. ಗ್ರಂಥಾಲಯ ಇನ್ನೆರಡು ಟರ್ನ್‌ಗೆ ಮುಗಿಯುತ್ತದೆ, ಅದು ಮುಗಿಯುವಷ್ಟರಲ್ಲಿ ಹಡಗು ಇನ್ನೊಂದಕ್ಕೆ ತಲುಪುತ್ತದೆ, ಹಡಗು ತಲುಪಿದರೆ ಹೊಸ ದ್ವೀಪ ಕಾಣುತ್ತದೆ. "ಇನ್ನೊಂದೇ ಟರ್ನ್" ಅನ್ನುವ ಮಾತು ಈ ಸರಣಿಗೇ ಅಂಟಿಕೊಂಡಿದೆ. ಸಾಮಾನ್ಯ ವೇಗದಲ್ಲಿ ಒಂದು ಆಟ 500 ಟರ್ನ್‌ವರೆಗೂ ಹೋಗುತ್ತದೆ. ಆನ್‌ಲೈನ್ ಸ್ಪೀಡ್ ಅಂತ ಒಂದಿದೆ, ಅದರಲ್ಲಿ 250. ಮಗುವಿಗೆ ಅದನ್ನೇ ಇಡಿ. ಹೆಸರು ಆನ್‌ಲೈನ್ ಅಂತಿದ್ದರೂ ಒಬ್ಬನೇ ಆಡುವಾಗಲೂ ಇಡಬಹುದು.

ಕುಂದಾಪುರದ ಅಪ್ಪ

ನನ್ನ ಅಭಿಪ್ರಾಯ ಬೇರೆ. 12 ವರ್ಷದ ಹುಡುಗನಿಗೆ ಯೋಚನೆ ಮಾಡಲು ಕಲಿಸಬೇಕು ಅಂದರೆ ಚೆಸ್ ಇದೆ, ನಮ್ಮ ಹುಲಿ-ಕುರಿ ಇದೆ, ಚೌಕಾಬಾರ ಇದೆ. ಎದುರಿಗೆ ಮನುಷ್ಯ ಕೂತಿರುತ್ತಾನೆ. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟು ದೊಡ್ಡ ಆಟವನ್ನು ಕೈಗೆ ಕೊಟ್ಟು, ಆಮೇಲೆ ಟರ್ನ್ ಲೆಕ್ಕ ಹಾಕುತ್ತಾ ಕೂರುವುದು ಯಾಕೆ? ಆನ್‌ಲೈನ್ ಕ್ಲಾಸ್, ಹೋಂವರ್ಕ್ ಅಂತ ಪರದೆ ಮೊದಲೇ ಜಾಸ್ತಿಯಾಗಿದೆ. ಮಕ್ಕಳ ಕಣ್ಣು, ನಿದ್ದೆ, ಆಟದ ಬಯಲು ಇವುಗಳ ಲೆಕ್ಕವನ್ನೂ ತಕ್ಕಡಿಗೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ತುಂಗಾತೀರ

ಸರ್, ನಿದ್ದೆ ಮತ್ತು ಬಯಲಿನ ವಿಷಯದಲ್ಲಿ ನಿಮ್ಮ ಮಾತಿಗೆ ಪೂರ್ತಿ ಒಪ್ಪಿಗೆ. ಸಂಜೆ ಆಡಲು ಹೋಗುವ ಹೊತ್ತನ್ನು ಕಿತ್ತುಕೊಂಡು ಯಾವ ಆಟವೂ ಮನೆಗೆ ಬರಬಾರದು. ಆದರೆ ಎದುರಿಗೆ ಮನುಷ್ಯ ಇರುವುದಿಲ್ಲ ಅನ್ನುವುದನ್ನು ಬದಲಿಸಬಹುದು. ಕಂಪ್ಯೂಟರ್‌ನಲ್ಲಿ ಹಾಟ್‌ಸೀಟ್ ಅನ್ನುವ ವಿಧಾನ ಇದೆ. ಒಂದೇ ಲ್ಯಾಪ್‌ಟಾಪ್, ಒಬ್ಬರಾದ ಮೇಲೆ ಒಬ್ಬರು ಕೂತು ಆಡುವುದು. ನಾವು ಹಾಗೇ ಆಡುವುದು. ನನ್ನ ಸರದಿ ಬಂದಾಗ ಮಗಳು ಎದ್ದು ನೀರು ಕುಡಿದು ಬರುತ್ತಾಳೆ. ಆಟಕ್ಕೆ ತಾನಾಗಿಯೇ ಬಿಡುವು ಸಿಗುತ್ತದೆ.

ಸಮಾಜದ ಮೇಷ್ಟ್ರು

ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಈ ಆಟ ಆಡುವ ಮಕ್ಕಳು ನನ್ನ ಕ್ಲಾಸಲ್ಲಿ ಇದ್ದಾರೆ. ಭೂಪಟದ ಪ್ರಶ್ನೆಗೆ ಮೊದಲು ಕೈ ಎತ್ತುವವರು ಅವರೇ. ನದಿ ಇದ್ದಲ್ಲಿ ಊರು ಯಾಕೆ ಹುಟ್ಟುತ್ತದೆ, ಬಂದರು ಯಾಕೆ ಶ್ರೀಮಂತವಾಗುತ್ತದೆ ಅಂತ ಅವರಿಗೆ ಬಾಯಿಪಾಠ ಮಾಡಿಸಬೇಕಿಲ್ಲ.

ಆದರೆ ತಾಯಂದಿರು, ತಂದೆಯಂದಿರು ಒಂದನ್ನು ಗಮನಿಸಲೇಬೇಕು. ಈ ಆಟ ಇತಿಹಾಸವನ್ನು ಗೆಲ್ಲುವವನ ಕುರ್ಚಿಯಲ್ಲಿ ಕೂರಿಸಿ ತೋರಿಸುತ್ತದೆ. ಖಾಲಿ ಜಾಗ ಕಂಡರೆ ನಿಮ್ಮದು. ನಿಮ್ಮ ದಾರಿಗೆ ಅಡ್ಡ ಬರುವ, ಯಾವ ದೇಶಕ್ಕೂ ಸೇರದ ಜನ ಅಂದರೆ "ಬಾರ್ಬೇರಿಯನ್". ಅವರ ಹಾಡಿ ಸುಟ್ಟರೆ ಚಿನ್ನ ಸಿಗುತ್ತದೆ. ಆಡಳಿತದ ಕಾರ್ಡುಗಳಲ್ಲಿ ಒಂದರ ಹೆಸರು "ಕಾಲೊನೈಸೇಷನ್", ಅದನ್ನು ಹಾಕಿಕೊಂಡರೆ ವಲಸೆ ಗುಂಪುಗಳು ಬೇಗ ತಯಾರಾಗುತ್ತವೆ. ಇನ್ನೊಂದರ ಹೆಸರು "ರಾಜ್". ನಿಮ್ಮ ಹಿಡಿತದಲ್ಲಿರುವ ಪ್ರತಿ ಪುಟ್ಟ ನಗರರಾಜ್ಯದಿಂದ ಚಿನ್ನ, ವಿಜ್ಞಾನ, ಸಂಸ್ಕೃತಿ, ಭಕ್ತಿ ಎಲ್ಲ ಹರಿದು ಬರುತ್ತದೆ. ನಮ್ಮ ಮಕ್ಕಳು ಆ ಕಾರ್ಡನ್ನು ಖುಷಿಯಿಂದ ಹಾಕಿಕೊಳ್ಳುತ್ತಾರೆ. ಯಾಕೆಂದರೆ ಅದು ಲಾಭದ ಕಾರ್ಡು. ಯಾರಿಂದ ಹರಿದು ಬಂತು ಅಂತ ಆಟ ಕೇಳುವುದಿಲ್ಲ. ನಾವು ಕೇಳಬೇಕು.

ಇದು ನನ್ನೊಬ್ಬನ ತಕರಾರಲ್ಲ. 2018ರ ರೈಸ್ ಆ್ಯಂಡ್ ಫಾಲ್ ಅನ್ನುವ ವಿಸ್ತರಣೆಯಲ್ಲಿ (ಮೂಲ ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಕೆನಡಾದ ಕ್ರೀ ಜನರ ನಾಯಕ ಪೌಂಡ್‌ಮೇಕರ್‌ನನ್ನು ಆಟಕ್ಕೆ ಸೇರಿಸಿದರು. ಆಗ ಅವರದೇ ಸಮುದಾಯದ ಮುಖಂಡರೊಬ್ಬರು ಬಹಿರಂಗವಾಗಿ ಆಕ್ಷೇಪ ಎತ್ತಿದರು. ಬೇರೆಯವರ ನೆಲ ಗೆದ್ದುಕೊಳ್ಳುವುದು ನಮ್ಮ ಜನರ ಮೌಲ್ಯವೇ ಅಲ್ಲ, ವಸಾಹತು ಮಾಡಿದವರ ಗುಣವನ್ನು ನಮಗೂ ಹಚ್ಚಿದ್ದೀರಿ ಅನ್ನುವುದು ಅವರ ಮಾತಿನ ಸಾರ. 12 ವರ್ಷದ ಮಗುವಿಗೆ ಈ ಸಂಗತಿಯನ್ನು ಹೇಳಿ ನೋಡಿ. ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಇದರಿಂದ ಆಟ ಕೊಡಿಸಬೇಡಿ ಅಂತ ನಾನು ಹೇಳುವುದಿಲ್ಲ. ಊಟದ ಹೊತ್ತಲ್ಲಿ ಇಂಥ ಮಾತುಕತೆ ನಡೆಯುವ ಮನೆಗೆ ಇದು ಒಳ್ಳೆಯ ಆಟ.

ಮಲ್ಲೇಶ್ವರದ ಅಮ್ಮ

ಮೇಷ್ಟ್ರೇ, ತುಂಬಾ ಉಪಯೋಗವಾಯಿತು. ಗಾಂಧೀಜಿ ಅಣುಬಾಂಬ್ ಹಾಕುತ್ತಾರೆ ಅಂತ ಮಗ ನಗುತ್ತಾ ಹೇಳುತ್ತಾನೆ. ನಿಜವಾ? ನನಗೆ ಅದು ಕೇಳಲಿಕ್ಕೇ ಕಸಿವಿಸಿ.

ಸಮಾಜದ ಮೇಷ್ಟ್ರು

ಅದರ ಹಿಂದೆ ಒಂದು ಕಥೆ ಹರಡಿದೆ. 1991ರ ಮೊದಲ ಆಟದಲ್ಲಿ ಗಾಂಧೀಜಿಗೆ ಸಿಡುಕಿನ ಅಂಕ 1 ಇತ್ತು, ಪ್ರಜಾಪ್ರಭುತ್ವ ಬಂದಾಗ ಎರಡು ಕಳೆದರು, ಸೊನ್ನೆಗಿಂತ ಕೆಳಗೆ ಹೋಗಲಾಗದೆ ಅಂಕ ತಿರುಗಿ ಎಲ್ಲಕ್ಕಿಂತ ಮೇಲಿನ 255 ಆಯಿತು ಅಂತ. ಕಥೆ ಚೆನ್ನಾಗಿದೆ, ಆದರೆ ನಿಜ ಅಲ್ಲ. ಆಟದ ಜನಕ ಸಿಡ್ ಮೈಯರ್ 2020ರಲ್ಲಿ ಬಂದ ತಮ್ಮ ನೆನಪಿನ ಪುಸ್ತಕದಲ್ಲಿ ಅಂಥ ದೋಷ ಇರಲಿಲ್ಲ ಅಂತ ಬರೆದಿದ್ದಾರೆ. ಆಮೇಲಿನ ಆಟಗಳಲ್ಲಿ ಮಾತ್ರ ತಯಾರಕರು ಬೇಕಂತಲೇ ಆ ತಮಾಷೆಯನ್ನು ಉಳಿಸಿಕೊಂಡರು.

ಆರನೇ ಆಟದಲ್ಲಿ ಗಾಂಧೀಜಿಯ ವಿಶೇಷ ಗುಣದ ಹೆಸರೇ ಸತ್ಯಾಗ್ರಹ. ಧರ್ಮ ಸ್ಥಾಪಿಸಿದ, ಯುದ್ಧದಲ್ಲಿಲ್ಲದ ಪ್ರತಿ ನಾಡಿನಿಂದ ಅವರಿಗೆ ಭಕ್ತಿಯ ಅಂಕ ಸಿಗುತ್ತದೆ. ಜೊತೆಗೆ ಮೆಟ್ಟಿಲು ಬಾವಿಗಳನ್ನು ಕಟ್ಟಬಹುದು. ಶಾಂತಿಯಿಂದ ಆಡಿದರೆ ಲಾಭವಾಗುವಂತೆ ಮಾಡಿದ್ದಾರೆ. ನಿಮ್ಮ ಮಗನಿಗೆ ಈ ಎರಡೂ ಸಂಗತಿ ಹೇಳಿ. ಕಸಿವಿಸಿ ಆಗುತ್ತದೆ ಅನ್ನುವುದನ್ನೂ ಮುಚ್ಚಿಡಬೇಡಿ. ಯಾಕೆ ಕಸಿವಿಸಿ ಅಂತ ಅವನು ಕೇಳಿದರೆ ಅದೇ ಒಳ್ಳೆಯ ಚರ್ಚೆ.

ಹತ್ತನೇ ಕ್ಲಾಸಿನವಳು

ದೊಡ್ಡವರ ಮಧ್ಯೆ ಮಾತಾಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಆಡುವವಳು. ಅಪ್ಪ-ಅಮ್ಮಂದಿರಿಗೆ ಒಂದು ವಿಷಯ ಗೊತ್ತಾದರೆ ಅರ್ಧ ಜಗಳ ತಪ್ಪುತ್ತದೆ.

"ಈಗ ನಿಲ್ಲಿಸಲು ಆಗಲ್ಲ" ಅಂತ ನಾವು ಹೇಳುವುದು ಕೆಲವು ಆಟದಲ್ಲಿ ನಿಜ, ಕೆಲವು ಆಟದಲ್ಲಿ ಅಲ್ಲ. ಸಿವಿಲೈಸೇಷನ್ ಒಬ್ಬರೇ ಆಡುವಾಗ ಅದು ನಿಜ ಅಲ್ಲ. ಸೇವ್ ಆಗುತ್ತದೆ, ಏನೂ ಹೋಗುವುದಿಲ್ಲ. ಆದರೆ ಏಜ್ ಆಫ್ ಎಂಪೈರ್ಸ್ 2ರಲ್ಲಿ ಆನ್‌ಲೈನ್ ಪಂದ್ಯ ಆಡುವಾಗ ನಿಜ. ಅಲ್ಲಿ ಎಲ್ಲರೂ ಒಟ್ಟಿಗೆ ಆಡುತ್ತಿರುತ್ತಾರೆ, ಟರ್ನ್ ಇಲ್ಲ. ಮಧ್ಯದಲ್ಲಿ ಎದ್ದರೆ ಸೋಲು. ತಂಡದ ಪಂದ್ಯವಾದರೆ ಜೊತೆಗಿದ್ದವರಿಗೂ ಮೋಸ. ಅಂಥ ಆಟಕ್ಕೆ "ಊಟಕ್ಕೆ ಬಾ" ಅಂತ ಮಧ್ಯದಲ್ಲಿ ಕರೆಯುವ ಬದಲು, ಶುರು ಮಾಡುವ ಮುಂಚೆಯೇ "ಇನ್ನು ಮುಕ್ಕಾಲು ಗಂಟೆಗೆ ಊಟ, ಈಗ ಹೊಸ ಪಂದ್ಯ ಬೇಡ" ಅನ್ನಿ. ನಾವು ಕೇಳುತ್ತೇವೆ.

ಸಿವಿಲೈಸೇಷನ್‌ಗೆ ಇನ್ನೊಂದು ಉಪಾಯ ಇದೆ. ನಿಲ್ಲಿಸಲು ಮನಸ್ಸು ಬಾರದೇ ಇರುವುದು ಯಾಕೆಂದರೆ ತಲೆಯಲ್ಲಿರುವ ಯೋಜನೆ ನಾಳೆಗೆ ಮರೆತುಹೋಗುತ್ತದೆ ಅನ್ನುವ ಭಯ. ಭೂಪಟದ ಮೇಲೆ ಗುರುತಿನ ಪಿನ್ ಚುಚ್ಚುವ ಸೌಲಭ್ಯ ಇದೆ. ಇಲ್ಲಿ ಬಂದರು, ಇಲ್ಲಿ ಹೊಸ ಊರು ಅಂತ ಪಿನ್ ಹಾಕಿ ಎದ್ದರೆ ಮನಸ್ಸು ಹಗುರಾಗುತ್ತದೆ. ಐದು ನಿಮಿಷ ಮುಂಚೆ "ಪಿನ್ ಹಾಕು" ಅಂತ ಹೇಳಿ ಸಾಕು.

ಇನ್ನು, ಅವನು ಆಟ ಪೂರ್ತಿ ಮುಗಿಸದೆ ಹೊಸದು ಶುರು ಮಾಡಿದರೆ ಬೈಯಬೇಡಿ. ಊರುಗಳು ಜಾಸ್ತಿಯಾದ ಮೇಲೆ ಆಟ ನಿಧಾನ, ಸ್ವಲ್ಪ ಬೋರು. ಮೊದಲ ನೂರು ಟರ್ನೇ ಚೆಂದ. ತುಂಬಾ ಜನ ಹಾಗೇ ಆಡುವುದು.

ಕುಂದಾಪುರದ ಅಪ್ಪ

ಮಗಳೇ, ಪಂದ್ಯದ ಆಟ ಬೇರೆ, ಟರ್ನ್ ಆಟ ಬೇರೆ ಅನ್ನುವ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಚೆನ್ನಾಗಿ ಹೇಳಿದೆ. ನನ್ನ ಮಕ್ಕಳಿಗೆ ಈಗಲೇ ಕೊಡಿಸುವ ಮನಸ್ಸಂತೂ ಇಲ್ಲ. ಆದರೆ ಕೊಡಿಸಿದವರು ಇದನ್ನು ತಿಳಿದಿರಬೇಕು.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿ ಎಲ್ಲರೂ ಸಿವಿಲೈಸೇಷನ್ ಬಗ್ಗೆ ಹೇಳಿದ್ದೀರಿ, ಅದು ಈ ಜಾತಿಯ ಆಟಗಳಲ್ಲಿ ಮೆತ್ತಗಿನದು. ಮಗು ಅಲ್ಲೇ ನಿಲ್ಲುವುದಿಲ್ಲ. ಮುಂದೆ ಕೇಳುವ ಆಟಗಳ ಬಗ್ಗೆ ಹೇಳುತ್ತೇನೆ.

ನನ್ನ ಮಗನಿಗೆ 14. ಕ್ರುಸೇಡರ್ ಕಿಂಗ್ಸ್ 3 ಬೇಕು ಅಂದ. ಕಾರಣ ಕೇಳಿದರೆ, 867ನೇ ಇಸವಿಯಿಂದ ಶುರು ಮಾಡಿದರೆ ರಾಷ್ಟ್ರಕೂಟರಾಗಿ ಆಡಬಹುದು ಅಂದ. ಅಮೋಘವರ್ಷನ ಕಾಲ! ಮಳಖೇಡ ಎಲ್ಲಿದೆ ಅಂತ ಇಲ್ಲಿ ಹುಟ್ಟಿ ಬೆಳೆದ ಹುಡುಗ ನನ್ನನ್ನೇ ಕೇಳುತ್ತಿದ್ದಾನೆ. ಎಂಥ ಅಪ್ಪನಿಗಾದರೂ ಖುಷಿಯಾಗುತ್ತದೆ ಅಲ್ವಾ? ಭೂಪಟ ಸುಂದರ, ರಕ್ತ ಚೆಲ್ಲುವ ದೃಶ್ಯ ಅಂತ ಹೆಚ್ಚೇನೂ ಇಲ್ಲ. ಪರದೆಯನ್ನು ದೂರದಿಂದ ನೋಡಿದರೆ ಪುಸ್ತಕ ಓದುತ್ತಿದ್ದಾನೆ ಅನ್ನಿಸುತ್ತದೆ.

ನಾನು ಪಕ್ಕದಲ್ಲಿ ಕೂತು ಆ ಬರಹ ಓದಿದೆ. ಆಟದ ಜೀವ ಇರುವುದೇ ಅಲ್ಲಿ. ರಾಜನಾಗಿ ಮದುವೆ ಮಾಡಿಸುತ್ತೀರಿ, ವಾರಸುದಾರರನ್ನು ಪಡೆಯುತ್ತೀರಿ. ತಮ್ಮ ಅಡ್ಡ ಬಂದರೆ ಅವನನ್ನು ಕೊಲ್ಲಿಸಲು ಸಂಚು ಹೂಡಬಹುದು. ಕೈದಿಯನ್ನು ಹಿಂಸಿಸಬಹುದು. ಇನ್ನೊಬ್ಬನ ಹೆಂಡತಿಯನ್ನು ಒಲಿಸಿಕೊಳ್ಳುವುದು ಒಂದು ಯೋಜನೆ, ಎಷ್ಟು ಶೇಕಡಾ ಯಶಸ್ಸು ಅಂತ ಪಕ್ಕದಲ್ಲೇ ತೋರಿಸುತ್ತದೆ. ತುಂಗಾತೀರ ಅವರು ಹೇಳಿದ ಪ್ರಶ್ನೆ ಇಲ್ಲಿ ಸರಿಯಾಗಿ ಹಿಡಿಯುತ್ತದೆ. ಕಣ್ಣಿಗೆ ಕಾಣುವುದು ಕಡಿಮೆ, ಕೈಯಲ್ಲಿ ಮಾಡಿಸುವುದು ದೊಡ್ಡವರ ವ್ಯವಹಾರ. ಮಗನಿಗೆ ಕಾರಣ ಬಿಡಿಸಿ ಹೇಳಿ, ಇನ್ನೆರಡು ವರ್ಷ ಬಿಟ್ಟು ನೋಡೋಣ ಅಂದಿದ್ದೇನೆ. ರಾಷ್ಟ್ರಕೂಟರ ಇತಿಹಾಸದ ಪುಸ್ತಕ ತರಿಸಿಕೊಟ್ಟೆ. ಅದನ್ನು ಓದುತ್ತಿದ್ದಾನೆ, ಆಟವನ್ನು ಮರೆತಿಲ್ಲ.

ಹಾರ್ಟ್ಸ್ ಆಫ್ ಐರನ್ 4 ಇನ್ನೊಂದು ಬಗೆ. 2016ರ ಆಟ, ಎರಡನೇ ಮಹಾಯುದ್ಧದ್ದು, 1936ರಿಂದ ಶುರು. ನಾಜಿ ಜರ್ಮನಿಯೂ ಸೇರಿ ಯಾವ ದೇಶವನ್ನಾದರೂ ಆಡಿಸಬಹುದು. ಕಾರ್ಖಾನೆ, ಸೈನ್ಯದ ತುಕಡಿ, ಪೂರೈಕೆಯ ದಾರಿ ಎಲ್ಲ ವಿವರವಾಗಿ ಇವೆ. ಯಹೂದಿಗಳ ಸಾಮೂಹಿಕ ಹತ್ಯೆ ಮಾತ್ರ ಆಟದಲ್ಲಿ ಇಲ್ಲ. ಅದನ್ನು ಆಡುವ ವಸ್ತುವಾಗಿ ಮಾಡದೇ ಇದ್ದದ್ದು ಸರಿಯೇ. ಆದರೆ ಆ ಚರಿತ್ರೆ ಗೊತ್ತಿಲ್ಲದ ಮಗುವಿಗೆ ಹಿಟ್ಲರನ ಜರ್ಮನಿ ಅಂದರೆ ಬಲವಾದ ಸೈನ್ಯ ಇರುವ ಒಂದು ಬಣ್ಣ, ಅಷ್ಟೇ. ಶಾಲೆಯಲ್ಲಿ ಆ ಪಾಠ ಆಗುವ ಮುಂಚೆ ಈ ಆಟ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆಪ್ತ ಸಲಹೆಗಾರ್ತಿ

ಹದಿಹರೆಯದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. "ಚಟ" ಅನ್ನುವ ಮಾತನ್ನು ಪಾಲಕರು ಬೇಗ ಬಳಸಿಬಿಡುತ್ತಾರೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಗೀಳು ಸೇರಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ ಗಂಟೆಯ ಲೆಕ್ಕ ಇಲ್ಲ. ಹಿಡಿತ ತಪ್ಪಿದೆಯಾ, ಬೇರೆಲ್ಲ ಕೆಲಸಕ್ಕಿಂತ ಆಟವೇ ಮೇಲಾಗಿದೆಯಾ, ಕೆಟ್ಟ ಪರಿಣಾಮ ಕಂಡರೂ ಮುಂದುವರಿಯುತ್ತಿದೆಯಾ ಅಂತ ನೋಡುತ್ತಾರೆ. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ. ರಜೆಯಲ್ಲಿ ಎರಡು ದಿನ ಜಾಸ್ತಿ ಆಡಿದ್ದು ಗೀಳಲ್ಲ.

ಗೆಳೆಯರನ್ನು ಬಿಟ್ಟು, ನಿದ್ದೆ ಬಿಟ್ಟು, ಸುಳ್ಳು ಹೇಳಿ ಆಡುವುದು ವಾರಗಟ್ಟಲೆ ನಡೆದರೆ ಮಾತ್ರ ತಡ ಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಆಟ, ಮೊಬೈಲ್, ಇಂಟರ್ನೆಟ್ ಅತಿಬಳಕೆಗೇ ಮೀಸಲಾದ ಶಟ್ ಕ್ಲಿನಿಕ್ ಇದೆ. ದೂರದ ಊರಿನವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಲ್ಯಾಪ್‌ಟಾಪ್ ರಿಪೇರಿ

ಖರ್ಚಿನ ವಿಷಯ ಯಾರೂ ಹೇಳಿಲ್ಲ. ಮೂಲ ಆಟ ಮಾತ್ರ ತಗೊಳ್ಳಿ. ವಿಸ್ತರಣೆಗಳು, ಹೊಸ ನಾಯಕರು ಅಂತ ಬೇರೆ ಬೇರೆ ಮಾರಾಟಕ್ಕಿರುತ್ತವೆ, ಆಮೇಲೆ ರಿಯಾಯಿತಿ ಬಂದಾಗ ನೋಡಿದರಾಯಿತು. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡರೆ 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲೇ ನಿಮ್ಮ ಲ್ಯಾಪ್‌ಟಾಪಲ್ಲಿ ಓಡುತ್ತದಾ, ಹುಡುಗನಿಗೆ ಹಿಡಿಸುತ್ತದಾ ಅಂತ ಗೊತ್ತಾಗುತ್ತದೆ. ಖಾತೆ ನಿಮ್ಮ ಹೆಸರಲ್ಲಿರಲಿ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಮಗನನ್ನು ಮಗು ಅಂತ ಸೇರಿಸಿದರೆ ದಿನದ ಸಮಯ ಕಟ್ಟಬಹುದು, ಚಾಟ್ ಮುಚ್ಚಬಹುದು.

ಮಲ್ಲೇಶ್ವರದ ಅಮ್ಮ

ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಮಗನನ್ನು ಕೂರಿಸಿಕೊಂಡು ಇದೆಲ್ಲ ಓದಿದೆವು. "ರಾಜ್" ಕಾರ್ಡಿನ ವಿಷಯ ಕೇಳಿ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ನಗರರಾಜ್ಯಗಳಾಗಿ ಆಡಲು ಆಗಲ್ವಾ?" ಅಂದ. ನನಗೆ ಸಮಾಧಾನ ಆದದ್ದು ಆ ಪ್ರಶ್ನೆಯಿಂದ.

ಮೂಲ ಆಟ ಕೊಡಿಸುತ್ತಿದ್ದೇವೆ. ಲ್ಯಾಪ್‌ಟಾಪ್ ಹಾಲ್‌ನಲ್ಲೇ ಇರುತ್ತದೆ. ಶನಿವಾರ, ಭಾನುವಾರ ಮಾತ್ರ, ಸಂಜೆ ಕ್ರಿಕೆಟ್ ಆಡಿ ಬಂದ ಮೇಲೆ, ಇಪ್ಪತ್ತೈದು ಟರ್ನ್. ಆನ್‌ಲೈನಲ್ಲಿ ಹೊರಗಿನವರ ಜೊತೆ ಇಲ್ಲ. ಹಾಟ್‌ಸೀಟ್‌ನಲ್ಲಿ ನಾನೂ ಆಡಬೇಕಂತೆ, ಅದು ಅವನ ಷರತ್ತು. ಒಂದೇ ಒಂದು ಪ್ರಶ್ನೆ ಉಳಿದಿದೆ. ಇಬ್ಬರೂ ಹೊಸಬರು. ಯಾವ ನಾಯಕನಿಂದ ಶುರು ಮಾಡಬೇಕು?

ತುಂಗಾತೀರ

ರೋಮ್ ತಗೊಳ್ಳಿ, ನಾಯಕ ಟ್ರೇಜನ್. ಹೊಸ ಊರು ಕಟ್ಟಿದಾಗಲೆಲ್ಲ ಸ್ಮಾರಕ ಉಚಿತವಾಗಿ ಸಿಗುತ್ತದೆ, ರಾಜಧಾನಿ ಹತ್ತಿರವಿದ್ದರೆ ರಸ್ತೆ ತಾನಾಗಿ ಬರುತ್ತದೆ. ತಲೆನೋವು ಕಡಿಮೆ. ಕಷ್ಟದ ಮಟ್ಟವನ್ನು ಎಲ್ಲಕ್ಕಿಂತ ಕೆಳಗಿನ "ಸೆಟ್ಲರ್"ಗೆ ಇಡಿ, ಮೊದಲೇ ಇಟ್ಟಿರುವ "ಪ್ರಿನ್ಸ್" ಹೊಸಬರಿಗೆ ಕಷ್ಟ. ಭೂಪಟ ಚಿಕ್ಕದಿರಲಿ. ನೀವು ಗಾಂಧೀಜಿಯನ್ನು ತಗೊಂಡು, ಅವನಿಗೆ ರೋಮ್ ಕೊಟ್ಟರೂ ಆದೀತು. ಊರನ್ನು ಮಾತ್ರ ನದಿ ಪಕ್ಕದಲ್ಲೇ ಕಟ್ಟಿ ಮೇಡಂ, ಸಿಹಿನೀರು ಇಲ್ಲದಿದ್ದರೆ ಜನ ಹೆಚ್ಚುವುದಿಲ್ಲ.